ಓದುಗರ ಪ್ರಶ್ನೆ: ನನ್ನ ತಪ್ಪನ್ನು ನಾನು ಹೇಗೆ ಕ್ಷಮಿಸಿಕೊಳ್ಳಲಿ?

ಪ್ರಶ್ನೆ: ನನಗೆ 43 ವರ್ಷ. ಮಲ್ಲೇಶ್ವರದಲ್ಲಿ ಗಂಡ, ಮಗಳು ಮತ್ತು ನನ್ನ ತಂದೆಯವರೊಂದಿಗೆ ವಾಸವಾಗಿದ್ದೇನೆ. ತಂದೆಯವರಿಗೆ ನಿವೃತ್ತಿಯ ಸಮಯದಲ್ಲಿ ಬಂದಿದ್ದ ಹಣದಲ್ಲಿ 12 ಲಕ್ಷ ರೂಪಾಯಿಯನ್ನು, ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಸಿಗುತ್ತದೆ ಎಂದು, ಅವರು ಹಿಂದೇಟು ಹಾಕಿದರೂ ಕೇಳದೆ, ಒಂದು ಸಹಕಾರ ಸಂಘದಲ್ಲಿ ಠೇವಣಿ ಇಡಿಸಿದೆ. ಎರಡು ವರ್ಷ ಬಡ್ಡಿ ತಪ್ಪದೆ ಬಂತು, ಆಮೇಲೆ ಸಂಘ ಬಾಗಿಲು ಹಾಕಿತು. ತಂದೆಯವರು ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೀರುವಿನಿಂದ ಠೇವಣಿ ರಸೀದಿಗಳ ಕವರು ತೆಗೆದು ನೋಡುತ್ತಾ ಕೂರುತ್ತೇನೆ. ಆ ಕಚೇರಿಯಿದ್ದ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೇನೆ. "ನಿನ್ನನ್ನು ನೀನು ಕ್ಷಮಿಸಿಕೋ" ಎಂದು ಗೆಳತಿ ಹೇಳುತ್ತಾಳೆ. ಹಾಗೆ ಮಾಡಿದರೆ ಹೊಣೆಯಿಂದ ನುಣುಚಿಕೊಂಡಂತೆ ಆಗುವುದಿಲ್ಲವೇ?
— ಹೆಸರು ಬೇಡ, ಮಲ್ಲೇಶ್ವರ

ಉತ್ತರ: ನಿಮ್ಮ ಪತ್ರದಲ್ಲಿ ರಸೀದಿಗಳ ಮಾತಿದೆ, ಆದರೆ ಆ ರಸೀದಿಗಳನ್ನು ಹಿಡಿದುಕೊಂಡು ಯಾವುದಾದರೂ ಕಚೇರಿಯ ಮೆಟ್ಟಿಲು ಹತ್ತಿದ ಮಾತಿಲ್ಲ. ಇದನ್ನು ಆಕ್ಷೇಪಣೆಯೆಂದು ತಿಳಿಯಬೇಡಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ತನ್ನನ್ನು ತಾನು ಹಳಿದುಕೊಳ್ಳುವುದು ಹೊಣೆ ಹೊರುವುದರಂತೆ ಕಾಣುತ್ತದೆ, ಅಷ್ಟೇ ದಣಿವನ್ನೂ ತರುತ್ತದೆ, ಆದರೆ ಅದರಿಂದ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ. "ನಾನು ತಪ್ಪು ಮಾಡಿದೆ" ಎಂಬ ಮಾತು ಮನುಷ್ಯನನ್ನು ಆ ತಪ್ಪನ್ನು ಸರಿಪಡಿಸುವ ಕಡೆಗೆ ಕರೆದೊಯ್ಯುತ್ತದೆ. "ನಾನೇ ಸರಿಯಿಲ್ಲ" ಎಂಬ ಮಾತು ಮುಖ ಮರೆಸಿಕೊಳ್ಳುವಂತೆ ಮಾಡುತ್ತದೆ. ನೀವು ಆ ರಸ್ತೆಯನ್ನು ತಪ್ಪಿಸಿ ಸುತ್ತುಬಳಸಿ ಹೋಗುತ್ತಿರುವುದು ಈ ಎರಡನೆಯ ಮಾತಿನ ಫಲ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ತನ್ನ ಬಗ್ಗೆ ತಾನು ತಾಳುವ ಕರುಣೆಯಲ್ಲಿ ಮೂರು ಸಂಗತಿಗಳು ಸೇರಿವೆ ಎಂದು ವಿವರಿಸಿದ್ದಾರೆ: ಎಡವಿದಾಗ ತನ್ನೊಂದಿಗೆ ಕಟುವಾಗಿರದೆ ಮೃದುವಾಗಿರುವುದು, ಎಡವುವುದು ಎಲ್ಲ ಮನುಷ್ಯರ ಪಾಡು ಎಂದು ನೆನೆಯುವುದು, ನೋವನ್ನು ಅದುಮದೆ, ಅದರಲ್ಲಿ ಮುಳುಗಿಯೂ ಹೋಗದೆ ಅದು ಇರುವಷ್ಟನ್ನೇ ಕಾಣುವುದು. ತಪ್ಪನ್ನು ಅಳಿಸುವ ಮಾತು ಈ ಮೂರರಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಿ. ನನಗೆ ಇವುಗಳಲ್ಲಿ ಮೂರನೆಯದೇ ಬಹು ಮುಖ್ಯವೆನಿಸುತ್ತದೆ, ಏಕೆಂದರೆ ನಡುರಾತ್ರಿಯಲ್ಲಿ ಒಬ್ಬರೇ ಕುಳಿತು ನೋಡಿದಾಗ ಯಾವ ತಪ್ಪೂ ತನ್ನ ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಒಂದು ಹಗಲು, ಸ್ನಾನ ತಿಂಡಿ ಮುಗಿಸಿ, ಒಂದು ಹಾಳೆಯಲ್ಲಿ ಈ ತಪ್ಪಿನಲ್ಲಿ ನಿಮ್ಮ ಪಾಲು ಎಷ್ಟು ಎಂಬುದನ್ನು ಬರೆಯಿರಿ. ತಂದೆಯವರು ಹಿಂಜರಿದಾಗ ಅವರ ಮಾತಿಗೆ ಬೆಲೆ ಕೊಡದಿದ್ದುದು ನಿಮ್ಮ ಪಾಲು. ಇಡೀ ಮೊತ್ತವನ್ನು ಒಂದೇ ಕಡೆ ಇಟ್ಟಿದ್ದು ನಿಮ್ಮ ಪಾಲು. ಠೇವಣಿಗೆ ವಿಮೆ ಇದೆಯೇ ಎಂದು ವಿಚಾರಿಸದಿದ್ದುದೂ ನಿಮ್ಮದೇ: ಬ್ಯಾಂಕು ಮುಳುಗಿದರೆ, ಅದು ಸಹಕಾರಿ ಬ್ಯಾಂಕಾಗಿದ್ದರೂ, ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ, ಬ್ಯಾಂಕ್ ಅಲ್ಲದ ಸಹಕಾರ ಸಂಘದ ಠೇವಣಿಗೆ ಆ ರಕ್ಷಣೆ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹಣ ತೊಡಗಿಸಿದ ಓದು ಬಲ್ಲ ಕುಟುಂಬಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ, ನೀವು ಒಬ್ಬರೇ ಅಲ್ಲ. ಇನ್ನು ಜನರ ಹಣವನ್ನು ಜೋಪಾನ ಮಾಡಬೇಕಾದವರು ಮಾಡದೇ ಹೋದದ್ದು ನಿಮ್ಮ ಪಾಲಲ್ಲ, ಅದನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ಪ್ರಾಮಾಣಿಕತೆಯೂ ಅಲ್ಲ.

ಹಾಳೆ ಬರೆಯುವಾಗ ಮನಸ್ಸು ಒಂದು ಕಡೆ ಖಂಡಿತ ಜಾರುತ್ತದೆ. "ಇದು ನನಗೆ ಮೊದಲೇ ಗೊತ್ತಾಗಬೇಕಿತ್ತು" ಎಂದು ಅದು ಹೇಳುತ್ತದೆ. ಬರೂಕ್ ಫಿಷ್‌ಹಾಫ್ ಎಂಬ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕದನದ ವಿವರವನ್ನು ಜನರಿಗೆ ಓದಲು ಕೊಟ್ಟರು. ಕದನದ ಫಲಿತಾಂಶ ಇಂಥದ್ದು ಎಂದು ಯಾರಿಗೆ ಮೊದಲೇ ಹೇಳಲಾಗಿತ್ತೋ ಅವರು ಆ ಫಲಿತಾಂಶವೇ ಹೆಚ್ಚು ಸಂಭವನೀಯವಾಗಿತ್ತು ಎಂದು ಅಂದಾಜು ಮಾಡಿದರು, ತಮಗೆ ತಿಳಿಸಿದ ಸಂಗತಿ ತಮ್ಮ ಅಂದಾಜನ್ನು ತಿರುಗಿಸಿತೆಂಬುದು ಅವರ ಅರಿವಿಗೂ ಬರಲಿಲ್ಲ. ನಿಮಗೂ ಆಗುತ್ತಿರುವುದು ಇದೇ. ಹಣ ಇಟ್ಟ ದಿನ ನಿಮ್ಮ ಕೈಯಲ್ಲಿದ್ದ ತಿಳಿವಳಿಕೆ ಯಾವುದು, ಬಾಗಿಲು ಮುಚ್ಚಿದ ಮೇಲೆ ಬಂದದ್ದು ಯಾವುದು ಎಂದು ಬೇರ್ಪಡಿಸಿ, ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಿ.

ಆಮೇಲೆ ಆ ರಸೀದಿಗಳ ಕವರನ್ನು ಹಗಲು ಹೊತ್ತಿನಲ್ಲಿ ತೆಗೆಯಿರಿ. ರಸೀದಿಗಳ ಜೆರಾಕ್ಸ್ ಮಾಡಿಸಿ, ಉಳಿದ ಠೇವಣಿದಾರರನ್ನು ಹುಡುಕಿ, ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ಒಟ್ಟಾಗಿ ದೂರು ಕೊಡಿ, ವಕೀಲರೊಬ್ಬರ ಸಲಹೆ ಪಡೆಯಿರಿ. ಹಣ ಪೂರ್ತಿ ಕೈಸೇರುತ್ತದೆಂದು ಭರವಸೆ ಕೊಡಲು ನನ್ನಿಂದಾಗದು.

ತಂದೆಯವರ ಮೌನದ ಬಗ್ಗೆ ಒಂದು ಮಾತು. ಅವರು ಬೈಯಲಿಲ್ಲವೆಂಬ ಕಾರಣಕ್ಕೆ ಅವರ ಪರವಾಗಿ ನೀವೇ ದಿನವೂ ಬೈದುಕೊಳ್ಳುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ಅವರ ತಲೆಮಾರಿನ ಎಷ್ಟೋ ತಂದೆಯರು ಮಗಳು ನೊಂದುಕೊಂಡಾಳೆಂಬ ಅಳುಕಿನಿಂದಲೇ ಬಾಯಿ ಬಿಡುವುದಿಲ್ಲ. ಬೆಳಗಿನ ಕಾಫಿಯ ಹೊತ್ತಿನಲ್ಲಿ ಹತ್ತಿರ ಕುಳಿತು, "ಅಪ್ಪಾ, ನೀವು ಯೋಚನೆ ಮಾಡೋಣ ಅಂದರೂ ನಾನು ಹಟ ಮಾಡಿದೆ, ಅದು ನನ್ನ ತಪ್ಪು. ಈಗ ಇಂತಿಂಥ ಕೆಲಸ ಮಾಡುತ್ತಿದ್ದೇನೆ, ಏನಾಯಿತು ಅಂತ ನಿಮಗೆ ಆಗಾಗ ಹೇಳುತ್ತೇನೆ" ಎನ್ನಿ. ಅಷ್ಟು ಹೇಳಿ ನಿಲ್ಲಿಸಿ. ಆ ಮಾತಿಗೆ ಕಣ್ಣೀರನ್ನು ಸೇರಿಸಿದರೆ ಅವರು ತಮ್ಮ ನೋವನ್ನು ಬದಿಗಿಟ್ಟು ನಿಮ್ಮನ್ನು ಸಮಾಧಾನಪಡಿಸಲು ತೊಡಗುತ್ತಾರೆ. ಅವರಿಗೆ ಕೋಪವಿದ್ದರೆ ಅದು ಹೊರಬರಲಿ; ಅದನ್ನು ಕೇಳಿಸಿಕೊಳ್ಳುವ ಶಕ್ತಿ ನಿಮಗೆ ಬರಬೇಕೆಂದೇ ನಿಮ್ಮ ಬಗ್ಗೆ ನೀವು ಕರುಣೆ ತಾಳಿ ಎಂದು ಹೇಳುತ್ತಿದ್ದೇನೆ.

ನಿದ್ದೆ ಕೆಟ್ಟಿರುವುದು ವಾರಗಟ್ಟಲೆ ಮುಂದುವರಿದರೆ, ಅಥವಾ ಬದುಕೇ ಬೇಡವೆನಿಸಿದರೆ, ಒಂದು ಕ್ಷಣವೂ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ನಮ್ಮ ನಿಮ್ಹಾನ್ಸ್ ಪ್ರಮುಖ ಪಾತ್ರ ವಹಿಸುತ್ತಿದೆ; ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ದಿನದ ತಪ್ಪುಗಳನ್ನೆಲ್ಲ ಡೈರಿಯಲ್ಲಿ ಬರೆದು, ಕೊನೆಗೆ ನನ್ನನ್ನು ಚೆನ್ನಾಗಿ ಬೈದುಕೊಂಡು ಮಲಗುತ್ತೇನೆ. ಹೀಗೆ ಮಾಡದಿದ್ದರೆ ಸೋಮಾರಿಯಾಗುತ್ತೇನೆಂಬ ಭಯ. ಆದರೆ ಬೆಳಿಗ್ಗೆ ಪುಸ್ತಕ ಮುಟ್ಟಲು ಮನಸ್ಸಾಗುವುದಿಲ್ಲ.
— ಒಬ್ಬ ಅಭ್ಯರ್ಥಿ

ಉತ್ತರ: ನಿಮ್ಮ ಭಯವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದರಲ್ಲಿ, ಪದಜ್ಞಾನದ ಕಠಿಣ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳ ಪೈಕಿ ಕೆಲವರಿಗೆ ಇದು ಅನೇಕರಿಗೆ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ಕಠೋರರಾಗಬೇಡಿ ಎಂದು ಹೇಳಲಾಯಿತು, ಇನ್ನು ಕೆಲವರಿಗೆ ನೀವು ಬುದ್ಧಿವಂತರೇ ಎಂಬ ಹೊಗಳಿಕೆ ಸಿಕ್ಕಿತು. ಎರಡನೆಯ ಪರೀಕ್ಷೆಗೆ ಮುಂಚೆ ಹೆಚ್ಚು ಹೊತ್ತು ಓದಿದವರು ಕರುಣೆಯ ಮಾತು ಕೇಳಿದವರು. ಡೈರಿ ಬಿಡಬೇಕಿಲ್ಲ, ಅದರ ಭಾಷೆ ಬದಲಾಗಬೇಕು. "ನಾನು ದಂಡ" ಎಂದು ಬರೆಯುವ ಕಡೆ "ಇತಿಹಾಸದ ಎಂಟು ಪ್ರಶ್ನೆ ತಪ್ಪಾಯಿತು, ಅದರಲ್ಲಿ ಐದು ವಿಜಯನಗರ ಅರಸರ ಅಧ್ಯಾಯದವು, ನಾಳೆ ಬೆಳಿಗ್ಗೆ ಆ ಅಧ್ಯಾಯ ಮತ್ತೊಮ್ಮೆ ಓದುತ್ತೇನೆ" ಎಂದು ಬರೆಯಿರಿ, ಪಕ್ಕದ ರೂಮಿನ ಗೆಳೆಯ ಅಷ್ಟೇ ತಪ್ಪು ಮಾಡಿದ್ದರೆ ಅವನಿಗೆ ನೀವು ಹೇಳುತ್ತಿದ್ದ ಒಂದು ವಾಕ್ಯವನ್ನು ಅದರ ಕೆಳಗೆ ಸೇರಿಸಿ, ಡೈರಿ ಮುಚ್ಚಿ ಮಲಗಿರಿ.