‘ನಾನೇ ಸರಿ ಮಾಡಿಕೊಟ್ಟೆ’ ಎಂದ ಡಿಸೈನರ್

ಕಂಪನಿಯಲ್ಲಿ ಹತ್ತಾರು ವರ್ಷ ಪಳಗಿದವರು ಬಂದು ಕೂತು, "ಇನ್ನು ಪಾಠ ಮಾಡೋಣ ಅಂತಿದ್ದೇನೆ" ಎನ್ನುವುದು ಆಪ್ತಸಲಹೆ ಕೊಡುವ ನನ್ನ ಹತ್ತಿರ ಮತ್ತೆ ಮತ್ತೆ ಬರುವ ಪ್ರಕರಣ. ಅದರಲ್ಲೂ ಡಿಸೈನರ್‌ಗಳು ಜಾಸ್ತಿ. ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿರುತ್ತಾರೆ, ಉತ್ತರವೇ ಬಂದಿರುವುದಿಲ್ಲ, ಇಲ್ಲವೇ ಸಂದರ್ಶನದವರೆಗೆ ಹೋಗಿ ವಾಪಸ್ ಬಂದಿರುತ್ತಾರೆ. "ಇಷ್ಟು ಅನುಭವ ಇದ್ದೂ ಯಾಕೆ ಬೇಡ ಅಂದರು?" ಎಂಬ ಪ್ರಶ್ನೆಗೆ ನಾನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಾ ಬಂದಿದ್ದನ್ನು ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನಿಸಿತು. ಇಲ್ಲಿರುವುದು ಒಬ್ಬರ ಪ್ರಕರಣ. ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಪ್ರಾಡಕ್ಟ್ ಡಿಸೈನರ್. ಆಪ್, ವೆಬ್‌ಸೈಟ್ ಅಲ್ಲ, ಕೈಯಲ್ಲಿ ಹಿಡಿದು ಬಳಸುವ ವಸ್ತುಗಳು. ಒಳ್ಳೆಯ ಹೆಸರಿದೆ, ಮಾಡಿದ ವಸ್ತುಗಳು ಅಂಗಡಿಗಳಲ್ಲಿವೆ. ಸಂಸಾರದ ವಿಷಯ ಇಲ್ಲಿ ಬೇಡ, ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ.

ಮೊದಲ ಸಲ ಬಂದಾಗ ಆಕೆ ಹೇಳಿದ್ದು ಎರಡು ಮಾತು. ಕಂಪನಿ ಸಾಕಾಗಿದೆ, ಪಾಠ ಮಾಡುವುದು ಇಷ್ಟ. ಈ ಎರಡರಲ್ಲಿ ಯಾವುದರ ತೂಕ ಜಾಸ್ತಿ ಅಂತ ನಾನು ಮೊದಲು ನೋಡುತ್ತೇನೆ. ಸುಸ್ತಾದವರಿಗೆ ಬೇಕಿರುವುದು ವಿಶ್ರಾಂತಿ. ಅವರು ಸೀದಾ ಹೋಗಿ ವಿಶ್ವವಿದ್ಯಾಲಯ ಸೇರಿಕೊಂಡರೆ ಅಲ್ಲಿ ಕಾದಿರುವುದು ಮೌಲ್ಯಮಾಪನ, ಹಾಜರಿ, ಸಮಿತಿ ಸಭೆಗಳು, ಪಠ್ಯಕ್ರಮ ಪರಿಷ್ಕರಣೆ, ಫೇಲ್ ಆದ ವಿದ್ಯಾರ್ಥಿಯ ಜೊತೆಗಿನ ಕಷ್ಟದ ಮಾತುಕತೆ. ಅಲ್ಲಿ ಪಾಠ ಅನ್ನುವುದು ಕೆಲಸದ ಒಂದು ಭಾಗ ಅಷ್ಟೇ. "ಮೂರು ತಿಂಗಳು ಸಂಬಳದ ರಜೆ ಕೊಟ್ಟು, ವಾಪಸ್ ಬಂದಾಗ ಬಾಸ್ ಕೂಡ ಬದಲಾಗಿದ್ದರೆ ಆಗಲೂ ಪಾಠ ಮಾಡಬೇಕು ಅನಿಸುತ್ತಾ?" ಅಂತ ಕೇಳಿದೆ. ತಕ್ಷಣ ಹೌದು ಅನ್ನಲಿಲ್ಲ. ಮುಂದಿನ ಸಲ ಬಂದು ಹೌದು ಅಂದರು. ಯೋಚಿಸಿ ಹೇಳಿದ ಹೌದು ಅದು, ನನಗೆ ಅಷ್ಟು ಸಾಕಿತ್ತು.

ಆಮೇಲೆ ಅರ್ಜಿ ನೋಡಿದೆವು. ಪೋರ್ಟ್‌ಫೋಲಿಯೊ ಸೊಗಸಾಗಿತ್ತು, ಸುಳ್ಳು ಹೇಳುವುದಿಲ್ಲ. ಬಿಳಿ ಹಿನ್ನೆಲೆಯಲ್ಲಿ ಹೊಳೆಯುವ ವಸ್ತುಗಳು, ಪ್ರಶಸ್ತಿಗಳು, ಪೇಟೆಂಟ್. ಜೊತೆಗೆ ಬೋಧನೆಯ ಬಗ್ಗೆ ಒಂದು ಪುಟದ ಬರಹ, ಟೀಚಿಂಗ್ ಸ್ಟೇಟ್‌ಮೆಂಟ್ ಅನ್ನುತ್ತಾರಲ್ಲ, ಅದು. ಅದರಲ್ಲಿ ಹೊಸ ಪೀಳಿಗೆಗೆ ಪ್ರೇರಣೆ, ಸೃಜನಶೀಲತೆ, ಉದ್ಯಮದ ಅನುಭವವನ್ನು ತರಗತಿಗೆ ತರುವ ಹಂಬಲ. ಇಂಥದ್ದೇ ಬರಹವನ್ನು ನಾನು ಎಷ್ಟೋ ಓದಿದ್ದೇನೆ. ಮೇಲಿನ ಹೆಸರು ಅಳಿಸಿದರೆ ಯಾರದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಆಯ್ಕೆ ಸಮಿತಿಯವರು ನನಗಿಂತ ಜಾಸ್ತಿ ಓದಿರುತ್ತಾರೆ ಅಲ್ವಾ?

ಇಡೀ ಪ್ರಕರಣ ತಿರುಗಿದ್ದು ಒಂದು ಸ್ಲೈಡಿನಲ್ಲಿ. "ನನಗೆ ಕಲಿಸಿ ಅಭ್ಯಾಸ ಇದೆ, ನೋಡಿ" ಅಂತ ಲ್ಯಾಪ್‌ಟಾಪ್ ತಿರುಗಿಸಿದರು. ಎಡಗಡೆ ಒಂದು ಎಲೆಕ್ಟ್ರಿಕ್ ಕೆಟಲ್‌ನ ಪೆನ್ಸಿಲ್ ಸ್ಕೆಚ್, ಯಾರೋ ಇಂಟರ್ನ್ ಬರೆದದ್ದು. ಹಿಡಿ ಕೆಟಲ್‌ನ ನೆತ್ತಿಯ ಮೇಲೆ ಕಮಾನಿನಂತೆ ಬಾಗಿತ್ತು, ನೋಡಲು ಚೆಂದವೇ. ಬಲಗಡೆ ಅದೇ ಕೆಟಲ್, ಹಿಡಿ ಹಿಂಬದಿಗೆ ಹೋಗಿದೆ, ಮೂತಿ ಸ್ವಲ್ಪ ಗಿಡ್ಡ ಆಗಿದೆ, ಮುಚ್ಚಳದ ಹಬೆ ಬೆರಳಿಗೆ ತಾಗದಂತೆ ಒಂದು ಅಂಚು ಎದ್ದಿದೆ.

"ಎಡಗಡೆಯದು ಹುಡುಗ ಮಾಡಿದ್ದು. ಬಲಗಡೆಯದನ್ನು ನಾನೇ ಸರಿ ಮಾಡಿಕೊಟ್ಟೆ."

"ಆ ಹುಡುಗ ಈಗ ಹಿಡಿ ಹೇಗೆ ಬರೆಯುತ್ತಾನೆ?" ಅಂದೆ.

ಸುಮ್ಮನಾದರು. "ಗೊತ್ತಿಲ್ಲ. ಇಂಟರ್ನ್‌ಶಿಪ್ ಮುಗಿಸಿ ಹೋದ."

ಈ ಉತ್ತರಕ್ಕೆ ನಾನು ಏನೂ ಟೀಕೆ ಮಾಡಲಿಲ್ಲ. ಕಂಪನಿಯಲ್ಲಿ ಅದೇ ಸರಿ. ಅಲ್ಲಿ ಮುಖ್ಯ ಕೆಟಲ್. ಶುಕ್ರವಾರ ಡ್ರಾಯಿಂಗ್ ಕಾರ್ಖಾನೆಗೆ ಹೋಗಬೇಕು ಅಂದರೆ ಹೋಗಬೇಕು, ಯಾರು ಸರಿ ಮಾಡಿದರು ಅನ್ನುವುದು ಯಾರಿಗೂ ಬೇಡ. ವಿಶ್ವವಿದ್ಯಾಲಯದಲ್ಲಿ ಕೆಟಲ್ ಯಾರಿಗೂ ಬೇಡ. ಸೆಮಿಸ್ಟರ್ ಮುಗಿದ ಮೇಲೆ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ. ಅಲ್ಲಿ ಉಳಿಯಬೇಕಾದ್ದು ಹುಡುಗನ ತಲೆಯಲ್ಲಿ.

"ನಾನೇ ಆ ಹುಡುಗ ಅಂದುಕೊಳ್ಳಿ" ಅಂದೆ. "ಈ ಸ್ಕೆಚ್ ನಾನು ತಂದಿದ್ದೇನೆ. ಹೇಳಿ."

"ಹಿಡಿಯನ್ನು ಹಿಂದಕ್ಕೆ ತಗೊಳ್ಳಿ."

"ಎಷ್ಟು?"

"ನಾಲ್ಕು ಸೆಂಟಿಮೀಟರ್."

"ಆಯ್ತು ಮೇಡಂ" ಅಂತ ಬರೆದುಕೊಂಡೆ. ಬೇಕಂತಲೇ ವಿಧೇಯ ವಿದ್ಯಾರ್ಥಿ ಆದೆ. ಆಕೆ ಮುಂದುವರಿದರು. ಮೂತಿ ಗಿಡ್ಡ ಮಾಡಿ, ಮುಚ್ಚಳದ ಕೀಲು ಆ ಕಡೆ ಹಾಕಿ. ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ, "ಮೇಡಂ, ನಾಳೆ ಜಗ್ ಮಾಡಬೇಕು, ಅದಕ್ಕೂ ನಾಲ್ಕು ಸೆಂಟಿಮೀಟರಾ?" ಅಂದೆ.

ಸಿಟ್ಟು ಬಂತು, ಮುಖದಲ್ಲೇ ಕಾಣಿಸಿತು. "ಅದು ಹಾಗಲ್ಲ. ನಿಮಗೆ ಅರ್ಥ ಆಗ್ತಿಲ್ಲ."

"ಅರ್ಥ ಆಗದವರೇ ಅಲ್ಲವಾ ತರಗತಿಯಲ್ಲಿ ಕೂರುವುದು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿ ಎತ್ತಿಕೊಂಡು, ಮುಚ್ಚಳ ಬಿಗಿಮಾಡಿ, ನನ್ನ ಕೈಗೆ ಕೊಟ್ಟರು. ತುಂಬಿದ ಬಾಟಲಿ. "ಕುತ್ತಿಗೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಈಗ ನಡುವಿಗೆ ಕೈ ಹಾಕಿ ಬಗ್ಗಿಸಿ. ಮಣಿಕಟ್ಟಿಗೆ ಎಲ್ಲಿ ನೋವಾಯ್ತು?" ಹೇಳಿದೆ. "ಕೆಟಲ್‌ನಲ್ಲಿ ಒಂದೂವರೆ ಲೀಟರ್ ಇದೆ ಅಂದುಕೊಳ್ಳಿ. ನೀರೇ ಒಂದೂವರೆ ಕೆಜಿ. ಬಗ್ಗಿಸಿದಾಗ ಆ ಭಾರ ಯಾವ ಕಡೆ ಓಡುತ್ತೆ? ಹಬೆ ಎಲ್ಲಿಂದ ಮೇಲೆ ಬರುತ್ತೆ? ಆಗ ನಿಮ್ಮ ಬೆರಳ ಗೆಣ್ಣು ಎಲ್ಲಿರುತ್ತೆ?" ಬಾಟಲಿ ಹಿಡಿದುಕೊಂಡೇ ಸ್ಕೆಚ್ ನೋಡಿದೆ. ಡಿಸೈನ್ ಗೊತ್ತಿಲ್ಲದ ನನಗೂ ಕಮಾನಿನ ಹಿಡಿಯ ತೊಂದರೆ ಕಂಡಿತು. ಬೆರಳು ಸರಿಯಾಗಿ ಹಬೆಯ ದಾರಿಯಲ್ಲಿತ್ತು.

"ಇದನ್ನು ಬರೆಯಿರಿ" ಅಂದೆ. "ಯಾವುದನ್ನು?" "ಈಗ ನೀವು ಮಾಡಿದ್ದನ್ನು. ಬಾಟಲಿ ಕೊಟ್ಟದ್ದು, ಕೇಳಿದ ಪ್ರಶ್ನೆಗಳು, ಅವುಗಳನ್ನು ಯಾಕೆ ಆ ಕ್ರಮದಲ್ಲಿ ಕೇಳಿದಿರಿ ಅನ್ನುವುದು. ಪ್ರೇರಣೆ, ಹಂಬಲ ಎಲ್ಲ ತೆಗೆದುಹಾಕಿ."

ಮುಂದಿನ ಸಲ ಆಕೆ ವಾದಕ್ಕೆ ತಯಾರಾಗಿ ಬಂದರು, ನನಗೆ ಖುಷಿಯೇ ಆಯಿತು. ಡೊನಾಲ್ಡ್ ಶಾನ್ ಎಂಬ ಚಿಂತಕ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಸ್ತುಶಿಲ್ಪ ಸ್ಟುಡಿಯೊದ ಒಂದು ಪ್ರಸಂಗ ಬರುತ್ತದೆ. ವಿದ್ಯಾರ್ಥಿನಿ ತನ್ನ ನಕ್ಷೆ ತಂದು ಸಿಕ್ಕಿಹಾಕಿಕೊಂಡಿದ್ದೇನೆ ಅನ್ನುತ್ತಾಳೆ, ಮೇಷ್ಟ್ರು ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಾವೇ ಬರೆಯತೊಡಗುತ್ತಾರೆ. "ನೋಡಿ, ಅವರೂ ಪೆನ್ಸಿಲ್ ಎತ್ತಿಕೊಂಡರಲ್ಲ!" ಎಂದರು ಆಕೆ. ನಿಜ, ಎತ್ತಿಕೊಂಡರು. ಪೆನ್ಸಿಲ್ ಮುಟ್ಟಬಾರದು ಅಂತ ನಾನು ಹೇಳುತ್ತಲೂ ಇಲ್ಲ. ಆದರೆ ಆ ಮೇಷ್ಟ್ರು ಬರೆಯುತ್ತಾ ಮಾತಾಡುತ್ತಾರೆ. ಇಲ್ಲಿ ಹೀಗೆ ಮಾಡಿದರೆ ಅಲ್ಲಿ ಏನಾಗುತ್ತೆ ಅಂತ ಯೋಚನೆಯನ್ನೇ ಹೊರಗೆ ಹಾಕುತ್ತಾರೆ. ವಿದ್ಯಾರ್ಥಿನಿಯ ನಕ್ಷೆ ಟ್ರೇಸಿಂಗ್ ಪೇಪರಿನ ಕೆಳಗೆ ಹಾಗೇ ಉಳಿದಿರುತ್ತದೆ. ನಮ್ಮ ಸ್ಲೈಡಿನಲ್ಲಿ ಎಡಕ್ಕೂ ಬಲಕ್ಕೂ ನಡುವೆ ಏನು ನಡೆಯಿತು ಅನ್ನುವುದು ಇರಲೇ ಇಲ್ಲ. ನನ್ನ ತಕರಾರು ಅಷ್ಟೇ.

ಡಿಸೈನ್ ಶಿಕ್ಷಣದಲ್ಲಿ ಇದು ಇವತ್ತಿನ ಸಮಸ್ಯೆಯೂ ಅಲ್ಲ. 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಬೌಹೌಸ್ ಎಂಬ ಕಲೆ ಮತ್ತು ಡಿಸೈನ್ ಶಾಲೆ ಶುರುವಾದಾಗ ಅಲ್ಲಿನ ವರ್ಕ್‌ಶಾಪ್‌ಗಳಲ್ಲಿ ಇಬ್ಬರು ಗುರುಗಳನ್ನು ಇಟ್ಟುಕೊಂಡಿದ್ದರು. ಒಬ್ಬ ಕಲಾವಿದ, ಇನ್ನೊಬ್ಬ ಕಸುಬು ಬಲ್ಲವನು. ಎರಡೂ ಒಬ್ಬರಲ್ಲೇ ಸಿಗುವುದು ಕಷ್ಟ ಅಂತ ಅವರಿಗೆ ಗೊತ್ತಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ಅಲ್ಲೇ ಪ್ರಾಥಮಿಕ ಕೋರ್ಸ್ ನಡೆಸಿದ ಜೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳ ಕೈಗೆ ಬರೀ ಕಾಗದ ಕೊಟ್ಟು, ಅದರಿಂದ ಏನು ಸಾಧ್ಯ ಅಂತ ಅವರೇ ಮಡಚಿ ಕತ್ತರಿಸಿ ಕಂಡುಕೊಳ್ಳಲಿ ಅಂತ ಬಿಡುತ್ತಿದ್ದರು. ಆಲ್ಬರ್ಸ್ ಸ್ವತಃ ದೊಡ್ಡ ಕಲಾವಿದ. ತನ್ನ ಕೈಚಳಕ ತೋರಿಸಿ ಬೆರಗುಗೊಳಿಸುವುದು ಅವರಿಗೆ ಸುಲಭವಿತ್ತು.

ಆಕೆಗೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ರಾಜೀನಾಮೆ ಕೊಡಬೇಡಿ. ಇದಕ್ಕೆ ನನ್ನ ಸಹೋದ್ಯೋಗಿಗಳಿಂದಲೇ ಮಾತು ಕೇಳಿದ್ದೇನೆ. ಕನಸು ಹಿಡಿದುಕೊಂಡು ಬಂದವರಿಗೆ ನೀನು ಬ್ರೇಕ್ ಹಾಕುತ್ತೀಯ ಅಂತ. ಇರಬಹುದು. ಆದರೆ ಕಾಯಂ ಬೋಧನಾ ಹುದ್ದೆ ಸಿಗಲು ಒಂದಕ್ಕಿಂತ ಹೆಚ್ಚು ವರ್ಷ ಹಿಡಿಯುವುದು ಮಾಮೂಲು. ಕೆಲಸ ಬಿಟ್ಟು ಕಾಯುವವರು ಕೊನೆಗೆ ಸಿಕ್ಕಿದ್ದಕ್ಕೆ ತಲೆಯಾಡಿಸುತ್ತಾರೆ, ಮೂರು ಕಡೆ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಾ ಓಡಾಡುತ್ತಾರೆ, ಪಾಠವೇ ಬೇಡ ಅನಿಸುವಷ್ಟು ದಣಿಯುತ್ತಾರೆ. ಇದನ್ನು ಕಣ್ಣಾರೆ ಕಂಡ ಮೇಲೂ "ಮನಸ್ಸು ಹೇಳಿದಂತೆ ಮಾಡಿ" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎರಡನೆಯದು, ಕೆಲಸದಲ್ಲಿದ್ದುಕೊಂಡೇ ಜ್ಯೂರಿಗೆ ಹೋಗಿ. ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗಳ ಕೆಲಸ ನೋಡಲು ಡಿಸೈನ್ ಕಾಲೇಜುಗಳು ಹೊರಗಿನವರನ್ನು ಕರೆಯುತ್ತವೆ. ಅಲ್ಲಿ ಒಂದು ದಿನ ಕೂತರೆ, ಪಾಠ ನಿಮಗೆ ಇಷ್ಟವೋ ಅಥವಾ ಮೆಚ್ಚುಗೆ ಇಷ್ಟವೋ ಅನ್ನುವುದು ಗೊತ್ತಾಗಿಬಿಡುತ್ತದೆ. ಅರ್ಧ ಬೆಂದ ಕೆಲಸ, ಮಾಡದೇ ಬಂದವರ ನೆಪ, ಇಡೀ ರಾತ್ರಿ ನಿದ್ದೆಗೆಟ್ಟು ತಪ್ಪು ದಾರಿ ಹಿಡಿದವರು, ಎಲ್ಲರೂ ಇರುತ್ತಾರೆ. ಒಂದೇ ದಿನ ಇಪ್ಪತ್ತನೆಯವರ ಕೆಲಸಕ್ಕೂ ಮೊದಲನೆಯವರಿಗೆ ಕೊಟ್ಟಷ್ಟೇ ಗಮನ ಕೊಡಲು ಆಗುತ್ತದಾ ನೋಡಿಕೊಳ್ಳಿ. ಅಲ್ಲಿಂದ ಮುಂದೆ ಅತಿಥಿ ಉಪನ್ಯಾಸ, ಆಮೇಲೆ ಒಂದು ಪೂರ್ತಿ ಕೋರ್ಸ್.

ಪೋರ್ಟ್‌ಫೋಲಿಯೊ ಬಗ್ಗೆ ಹೇಳಿದ್ದು, ನಿಮ್ಮ ಕೆಲಸ ಅರ್ಧ ಮಾಡಿ. ಉಳಿದ ಜಾಗದಲ್ಲಿ ನಿಮ್ಮ ಕೈಕೆಳಗೆ ಕಲಿತವರ ಕೆಲಸ ಇರಲಿ, ಅವರನ್ನು ಕೇಳಿ, ಅವರ ಹೆಸರು ಹಾಕಿ, ಮೊದಲ ಸ್ಕೆಚ್‌ನಿಂದ ಕೊನೆಯದರವರೆಗೆ. ನಡುವೆ ನೀವು ಕೇಳಿದ ಪ್ರಶ್ನೆ ಏನು ಅಂತ ಒಂದು ಸಾಲು. ಕಂಪನಿಯ ಗೋಪ್ಯತೆ ಒಪ್ಪಂದ ಅಡ್ಡ ಬರುವ ಕೆಲಸ ತೋರಿಸಲೇಬೇಡಿ. ಒಪ್ಪಂದ ಮುರಿದವರನ್ನು ನಂಬಿ ವಿದ್ಯಾರ್ಥಿಗಳನ್ನು ಯಾರೂ ಒಪ್ಪಿಸುವುದಿಲ್ಲ. ಜೊತೆಗೆ ಒಂದು ಕೋರ್ಸಿನ ಸಿಲೆಬಸ್ ತಯಾರಿಸಿ, ವಾರವಾರಕ್ಕೆ ಏನು, ಅಂಕ ಹೇಗೆ ಕೊಡುತ್ತೀರಿ, ಫೇಲ್ ಯಾರನ್ನು ಮಾಡುತ್ತೀರಿ. ಈ ಕೊನೆಯದನ್ನು ಬರೆಯಲು ಆಕೆ ಒದ್ದಾಡಿದಷ್ಟು ಬೇರೆ ಯಾವುದಕ್ಕೂ ಒದ್ದಾಡಲಿಲ್ಲ. ಕಂಪನಿಯಲ್ಲಿ ಡಿಸೈನ್ ಮಾರಾಟ ಆಗುತ್ತೋ ಇಲ್ಲವೋ ಅಂತ ಸಂತೆ ಹೇಳುತ್ತದೆ. ಇಲ್ಲಿ ಚೆಂದ ಕಾಣುವ ಕೆಟ್ಟ ಕೆಲಸಕ್ಕೂ ಒರಟಾಗಿ ಕಾಣುವ ಒಳ್ಳೆಯ ಯೋಚನೆಗೂ ಅಂಕ ಹಾಕಬೇಕಾದವರು ನೀವೇ, ಕಾರಣ ಕೊಡಬೇಕಾದವರೂ ನೀವೇ.

"ನೀವು ಆಪ್ತಸಲಹೆಗಾರರಾ, ಆಯ್ಕೆ ಸಮಿತಿಯವರಾ?" ಅಂತ ಒಂದು ಸಲ ಆಕೆಯೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸಮಾಧಾನ ಹೇಳುವುದಷ್ಟೇ ನನ್ನ ಕೆಲಸ ಅಂತ ನಾನು ಒಪ್ಪುವುದಿಲ್ಲ. ನಿರಾಕರಣೆಯ ಪತ್ರದಲ್ಲಿ ಕಾರಣ ಬರೆದಿರುವುದಿಲ್ಲ. ಕಾರಣ ಗೊತ್ತಿಲ್ಲದ ನಿರಾಕರಣೆ ಮನುಷ್ಯನನ್ನು ತಿನ್ನುತ್ತದೆ. ನನ್ನಲ್ಲೇ ಏನೋ ಕೊರತೆ, ನನಗೆ ವಯಸ್ಸಾಯಿತು, ವಶೀಲಿ ಇಲ್ಲ ಅಂತ ಶುರುವಾಗುತ್ತದೆ. ತಿದ್ದಿಕೊಳ್ಳಬಹುದಾದ ಒಂದು ಗಟ್ಟಿ ಕಾರಣ ಕೈಗೆ ಸಿಕ್ಕರೆ ಅರ್ಧ ಸಂಕಟ ಇಳಿಯುತ್ತದೆ. ಆ ಕಾರಣ ಸಿಗಲಿ ಅಂತಲೇ ನಾನು ವಿದ್ಯಾರ್ಥಿಯಾಗಿ ಕೂತದ್ದು.

ಇನ್ನು ಪದವಿಯ ವಿಷಯ. ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಸ್ಟುಡಿಯೊ ಪಾಠಕ್ಕೆ ಎಂಎಫ್‌ಎ, ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿಯನ್ನೇ ಕೊನೆಯ ಪದವಿ ಅಂತ ಒಪ್ಪುವ ರೂಢಿ ಇದೆ, ಆದರೂ ಈಗೀಗ ಪಿಎಚ್‌ಡಿ ಕೇಳುವ ಜಾಹೀರಾತುಗಳೂ ಕಾಣುತ್ತವೆ. ಭಾರತದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ, ವೃತ್ತಿಯಲ್ಲಿ ಪಳಗಿದವರನ್ನು ಪಾಠಕ್ಕೆ ತೆಗೆದುಕೊಳ್ಳುವ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಮಾರ್ಗಸೂಚಿ ತಂದಿತು. ಕನಿಷ್ಠ 15 ವರ್ಷದ ಅನುಭವ ಇದ್ದರೆ ಪದವಿ ಕಡ್ಡಾಯವಲ್ಲ, ಆದರೆ ಅದು ಕಾಯಂ ಹುದ್ದೆಯಲ್ಲ, ಎಷ್ಟೇ ವಿಸ್ತರಿಸಿದರೂ ಒಟ್ಟು 4 ವರ್ಷ ಮೀರುವಂತಿಲ್ಲ. ಜಾಹೀರಾತಿನಲ್ಲಿ ‘ಅಗತ್ಯ’ ಅಂತ ಬರೆದದ್ದನ್ನು ಎಷ್ಟೇ ಒಳ್ಳೆಯ ಪೋರ್ಟ್‌ಫೋಲಿಯೊ ಕೂಡ ದಾಟಿಸುವುದಿಲ್ಲ. ಅದನ್ನು ಮೊದಲು ಓದಿ, ಆಮೇಲೆ ಬೇಜಾರು ಮಾಡಿಕೊಳ್ಳಿ.

ಆಕೆ ಈಗ ವಾರಕ್ಕೊಂದು ದಿನ ಎರಡನೇ ವರ್ಷದವರಿಗೆ ಪಾಠ ಮಾಡುತ್ತಾರೆ, ಉಳಿದ ದಿನ ಕಂಪನಿ. ಕಾಯಂ ಹುದ್ದೆ ಇನ್ನೂ ಸಿಕ್ಕಿಲ್ಲ. ಹೊಸ ಅರ್ಜಿಯೊಂದಕ್ಕೆ ಡೆಮೊ ಕ್ಲಾಸ್‌ವರೆಗೆ ಕರೆ ಬಂದಿತ್ತು, ಅಲ್ಲಿ ಪಿಎಚ್‌ಡಿ ಇದ್ದವರನ್ನು ತೆಗೆದುಕೊಂಡರು. ಅಂದಿನಿಂದ ಆಕೆಗೆ ಪಿಎಚ್‌ಡಿಗೆ ಸೇರಬೇಕು ಅಂತ ಹಟ. ಸಂಶೋಧಿಸಬೇಕು ಅನಿಸುವ ಪ್ರಶ್ನೆಯೊಂದು ಇಲ್ಲದೆ ಬರೀ ಹುದ್ದೆಗಾಗಿ ಅಷ್ಟು ವರ್ಷ ಕೊಡಬೇಡಿ ಅಂತ ನಾನು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ಕಳೆದ ಸಲ ಬಂದಾಗ ಹಿಡಿಗಳ ಬಗ್ಗೆಯೇ ಒಂದು ಪ್ರಶ್ನೆ ಬರೆದು ತಂದಿದ್ದರು, ಕೈಯಲ್ಲಿ ಬಲ ಕಡಿಮೆಯಾದ ವಯಸ್ಸಾದವರು ವಸ್ತುವನ್ನು ಎತ್ತುವ ಮೊದಲು ಅದರ ಭಾರವನ್ನು ಹೇಗೆ ಅಂದಾಜು ಮಾಡುತ್ತಾರೆ ಅಂತ. ಪ್ರಶ್ನೆ ಚೆನ್ನಾಗಿದೆ. ಅದಕ್ಕೆ ಮಾರ್ಗದರ್ಶಕರು ಸಿಗುತ್ತಾರಾ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅಂದಿದ್ದೇನೆ.