ಆತ್ಮಕ್ಕೆ ಲಿಂಗವಿಲ್ಲ ಎಂದು ತನ್ನನ್ನೇ ಸುಮ್ಮನಿರಿಸಿಕೊಂಡವರು

(ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಲಹೆ ಕೇಳಿ ಬಂದವರಿಗೆ ಮೂವತ್ತು ದಾಟಿತ್ತು. ಹುಟ್ಟಿದಾಗ ಗಂಡು ಎಂದು ದಾಖಲಾದವರು. ತಾನು ಹೆಣ್ಣು ಎಂಬುದು ಅವರಿಗೆ ಚಿಕ್ಕಂದಿನಿಂದಲೇ ಗೊತ್ತು. ದಿನವೂ ತಪ್ಪದೆ ಧ್ಯಾನಕ್ಕೆ ಕೂರುತ್ತಾರೆ. ಆದರೆ ಮೌನ ಶಿಬಿರಗಳಿಂದ ಅರ್ಧಕ್ಕೇ ಎದ್ದು ಬರುತ್ತಿದ್ದರು. ಅಲ್ಲಿ ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ಗಂಡಸರ ಸಾಲಿನಲ್ಲಿ ಕಣ್ಣು ಮುಚ್ಚಿದರೆ ಉಸಿರಿನ ಮೇಲೆ ಗಮನವೇ ನಿಲ್ಲುತ್ತಿರಲಿಲ್ಲ.

“ಆತ್ಮಕ್ಕೆ ಗಂಡು ಹೆಣ್ಣು ಅಂತಿಲ್ಲ, ಅಲ್ವಾ? ಮತ್ತೆ ನಾನ್ಯಾಕೆ ಇದನ್ನೇ ಹಿಡ್ಕೊಂಡಿದ್ದೀನಿ? ಇದೂ ಅಹಂಕಾರನೇ ಇರಬೇಕು” ಎಂದರು.

ನಾವು ಜಾಸ್ತಿ ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಆತ್ಮಕ್ಕೆ ಲಿಂಗವಿಲ್ಲ ಎನ್ನುವುದಾದರೆ ಅದು ಎಲ್ಲರಿಗೂ ಅನ್ವಯಿಸಬೇಕು. ಪಕ್ಕದಲ್ಲಿ ಕೂತ ಗಂಡಸಿಗೆ ‘ಗಂಡಸುತನ ಬಿಟ್ಟು ಬಾ’ ಎಂದು ಯಾರೂ ಹೇಳುವುದಿಲ್ಲ. ಇವರೊಬ್ಬರಿಗೇ ಯಾಕೆ ಆ ಷರತ್ತು? ನನಗೆ ಕಂಡಂತೆ, ಅವರು ದಿನವಿಡೀ ಬಿಡದೆ ಹಿಡಿದುಕೊಂಡಿದ್ದದ್ದು ಮುಚ್ಚಿಡುವ ಕೆಲಸವನ್ನು. ದನಿ, ನಡಿಗೆ, ನಗು, ಎಲ್ಲದಕ್ಕೂ ಕಾವಲು. ಧ್ಯಾನಕ್ಕೆ ಕೂತಾಗಲೂ ಅದು ಸಡಿಲವಾಗುತ್ತಿರಲಿಲ್ಲ.

ಇದು ಕಾಯಿಲೆಯಾ ಎಂದೂ ಕೇಳಿದರು. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಇದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ ಇಲ್ಲ. ವೈದ್ಯರ ನೆರವು ಬೇಕಾದವರಿಗೆ ಅದು ತಪ್ಪಬಾರದೆಂದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಉಳಿಸಿಕೊಂಡಿದ್ದಾರೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಧ್ಯಾನದಲ್ಲಿ ‘ನಾನು ಹೆಣ್ಣು’ ಎಂಬ ಅರಿವು ಬಂದರೆ ಓಡಿಸಬೇಡಿ, ವಾದಕ್ಕೂ ಇಳಿಯಬೇಡಿ. ಉಸಿರನ್ನು ನೋಡುವ ಹಾಗೆ ಅದನ್ನೂ ನೋಡಿ. ನಿಮಗೆ ಒಪ್ಪುವ ಹೆಸರಿನಲ್ಲಿ ದಿನಚರಿ ಬರೆಯಿರಿ. ಆಮೇಲೆ ತುಂಬಾ ನಂಬಿಕೆಯ ಒಬ್ಬರಿಗೆ ಮಾತ್ರ ಹೇಳಿ. ಸತ್ಯವಾಗಿ ಬದುಕಬೇಕೆಂದರೆ ಎಲ್ಲರೆದುರು ಎಲ್ಲವನ್ನೂ ಒಪ್ಪಿಸಬೇಕಿಲ್ಲ. ಕೆಲಸಕ್ಕೋ ಸೂರಿಗೋ ಜೀವಕ್ಕೋ ಕುತ್ತು ಬರುವ ಕಡೆ ಸುಮ್ನೆ ಇದ್ದರೆ ಅದು ಸುಳ್ಳೂ ಅಲ್ಲ, ಹೇಡಿತನವೂ ಅಲ್ಲ. ಶಿಬಿರಕ್ಕೆ ಹೆಸರು ಕೊಡುವ ಮುಂಚೆಯೇ ಎಲ್ಲಿ ಕೂರಿಸುತ್ತಾರೆ, ಎಲ್ಲಿ ಮಲಗಲು ಜಾಗ ಕೊಡುತ್ತಾರೆ ಎಂದು ಕೇಳಿ. ಒಪ್ಪದಿದ್ದರೆ ಸದ್ಯಕ್ಕೆ ಮನೆಯಲ್ಲೇ ಸಾಧನೆ ನಡೆಯಲಿ. ಹಾರ್ಮೋನ್ ಚಿಕಿತ್ಸೆ ಬೇಕೋ ಬೇಡವೋ ಎಂಬುದಕ್ಕೆ ಆತುರವಿಲ್ಲ, ಈ ವಿಷಯ ಬಲ್ಲ ವೈದ್ಯರನ್ನು ಕಂಡು ತೀರ್ಮಾನಿಸಿ. ಪ್ರಾರ್ಥನೆಯಿಂದಲೋ ಚಿಕಿತ್ಸೆಯಿಂದಲೋ ‘ಸರಿ ಮಾಡ್ತೀವಿ’ ಎನ್ನುವವರ ಹತ್ತಿರ ಮಾತ್ರ ಹೋಗಲೇಬೇಡಿ. ಅಂಥ ಪ್ರಯತ್ನಗಳು ಜನರನ್ನು ಎಷ್ಟು ಕುಗ್ಗಿಸುತ್ತವೆ ಎಂದು ಬಲ್ಲೆ.

ಅವರು ಅಕ್ಕನಿಗೆ ಹೇಳಿದ್ದಾಗಿದೆ. ಅಪ್ಪ ಅಮ್ಮನಿಗೆ ಯಾವಾಗ ಹೇಳುವುದು ಎಂಬುದಿನ್ನೂ ತೀರ್ಮಾನವಾಗಿಲ್ಲ. ಅದನ್ನು ಅವರೇ ನಿರ್ಧರಿಸುತ್ತಾರೆ. ನಮ್ಮ ಭೇಟಿಗಳು ಮುಂದುವರಿದಿವೆ.