ಸೋಲಾರ್ ಪ್ರಶ್ನೋತ್ತರ: ಉರಿ ಬಿಸಿಲಿನಲ್ಲೇ ಇನ್ವರ್ಟರ್ ನಿಲ್ಲುವುದೇಕೆ?

ಪ್ರಶ್ನೆ: ಮನೆಗೆ 3 ಕಿಲೋವಾಟ್‌ನ ಆನ್-ಗ್ರಿಡ್ (ಕರೆಂಟ್ ಲೈನಿಗೆ ಜೋಡಿಸಿದ) ಸೋಲಾರ್ ಹಾಕಿಸಿದ್ದೇವೆ. ಬೆಳಗ್ಗೆ ಸರಿಯಾಗಿರುತ್ತದೆ. ಬಿಸಿಲೇರಿದ ಮೇಲೆ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ತೋರಿಸಿ ಪದೇಪದೇ ನಿಲ್ಲುತ್ತದೆ. ಇನ್ವರ್ಟರ್ ಬದಲಿಸಬೇಕೆ?
– ಓದುಗರು, ತುಮಕೂರು

ಉತ್ತರ: ಬದಲಿಸಲು ಅವಸರ ಬೇಡ, ಮೊದಲು ವೈರ್ ನೋಡಿಸಿ. ಲೈನಿಗೆ ಕರೆಂಟ್ ತಳ್ಳಬೇಕಾದರೆ ಇನ್ವರ್ಟರ್ (ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಬಳಕೆಯ ಎಸಿ ಮಾಡುವ ಪೆಟ್ಟಿಗೆ) ತನ್ನ ವೋಲ್ಟೇಜನ್ನು ಲೈನಿಗಿಂತ ತುಸು ಮೇಲಿಡಲೇಬೇಕು. ನಡುವಿನ ವೈರ್ ಸಣ್ಣದಾದಷ್ಟೂ ಉದ್ದವಾದಷ್ಟೂ ಈ ಏರಿಕೆ ಹೆಚ್ಚು. 3 ಕಿಲೋವಾಟ್ ಪೂರ್ತಿ ಬರುವಾಗ ಸುಮಾರು 13 ಆಂಪಿಯರ್ ಹರಿಯುತ್ತದೆ. ಇನ್ವರ್ಟರ್‌ನಿಂದ ಮೀಟರಿಗೆ 30 ಮೀಟರ್ ದೂರವಿದ್ದು 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದರೆ ಹೆಚ್ಚುಕಡಿಮೆ 6 ವೋಲ್ಟ್ ಏರುತ್ತದೆ. 6 ಸ್ಕ್ವೇರ್ ಎಂಎಂ ಆದರೆ ಎರಡೂವರೆ ವೋಲ್ಟ್ ಅಷ್ಟೆ. ಮಧ್ಯಾಹ್ನ ಲೈನಿನಲ್ಲೇ 248 ಇದ್ದರೆ, ಸಣ್ಣ ವೈರಿನಲ್ಲಿ ಇನ್ವರ್ಟರ್ ಬಾಯಲ್ಲಿ 254 ಆಗುತ್ತದೆ. 230ರ ಶೇ. 110, ಅಂದರೆ 253 ದಾಟಿದರೆ ಅದು ಲೈನಿನಿಂದ ಕಳಚಿಕೊಳ್ಳಬೇಕೆಂಬುದು ನಿಯಮ. ನಿಮ್ಮ ಇನ್ವರ್ಟರ್ ಮಾಡುತ್ತಿರುವುದು ಅದನ್ನೇ.

ಒಳ್ಳೆಯ ಬಿಸಿಲಿನಲ್ಲಿ, ಸೋಲಾರ್ ಓಡುತ್ತಿರುವಾಗಲೇ, ಎಲೆಕ್ಟ್ರಿಷಿಯನ್‌ರಿಂದ ಎರಡು ಕಡೆ ವೋಲ್ಟೇಜ್ ಅಳೆಸಿ: ಇನ್ವರ್ಟರ್‌ನ ಎಸಿ ಟರ್ಮಿನಲ್‌ನಲ್ಲಿ ಮತ್ತು ಮೀಟರಿನ ಬಳಿಯ ಮೇನ್ ಸ್ವಿಚ್‌ನಲ್ಲಿ. ವ್ಯತ್ಯಾಸ 3–4 ವೋಲ್ಟ್ ಮೀರಿದರೆ ತಪ್ಪು ಮನೆಯೊಳಗಿದೆ: ಸಣ್ಣ ವೈರ್, ಸಡಿಲ ಸ್ಕ್ರೂ, ಇಲ್ಲವೇ ಎಸಿಡಿಬಿ (ಇನ್ವರ್ಟರ್ ಮತ್ತು ಮೇನ್ ಬೋರ್ಡಿನ ನಡುವಿನ ಎಸಿ ಸ್ವಿಚ್) ಪೆಟ್ಟಿಗೆಯಲ್ಲಿ ಕಪ್ಪಾದ ನ್ಯೂಟ್ರಲ್ ಜಾಯಿಂಟ್. ಮುಟ್ಟುವ ಮುನ್ನ ಎಲ್ಲ ಆಫ್ ಮಾಡಿಸಿ. ಎರಡೂ ಕಡೆ ಹೆಚ್ಚೇ ಇದ್ದರೆ ಸೋಲಾರ್ ಎಂಸಿಬಿ (ಸುರಕ್ಷತಾ ಸ್ವಿಚ್) ಇಳಿಸಿ ಮತ್ತೆ ಅಳೆಸಿ. ಆಗಲೂ 250ರ ಆಸುಪಾಸು ಇದ್ದರೆ ತೊಂದರೆ ಲೈನಿನದು. ಅಳತೆಗಳನ್ನು ಬರೆದು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ದೂರು ಕೊಡಿ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಜೋಡಣೆ) ಇಳಿಸುವುದು ಅವರ ಕೆಲಸ.

ಇನ್ವರ್ಟರ್ ಸೆಟಿಂಗ್‌ನಲ್ಲಿ ಮಿತಿಯನ್ನು 265ಕ್ಕೆ ಏರಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಆ ಹೆಚ್ಚುವರಿ ವೋಲ್ಟೇಜ್ ಹೋಗುವುದು ನಿಮ್ಮ ಫ್ರಿಜ್ಜಿಗೆ, ಪಕ್ಕದ ಮನೆಯ ಟಿವಿಗೆ.

ಪ್ರಶ್ನೆ: ಬಿಸಿಲಿದ್ದರೂ ಕರೆಂಟ್ ಹೋದಾಗ ಸೋಲಾರ್ ನಿಲ್ಲುತ್ತದೆ. ಹಳೆಯ ಯುಪಿಎಸ್‌ಗೆ ಜೋಡಿಸಬಹುದೆ?
– ಓದುಗರು, ಶಿರಸಿ

ಉತ್ತರ: ನಿಲ್ಲುವುದು ಬೇಕೆಂದೇ ಮಾಡಿದ ವ್ಯವಸ್ಥೆ, ಇಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಸೋಲಾರ್ ವೈರನ್ನು ಯುಪಿಎಸ್‌ನ ಔಟ್‌ಪುಟ್ ಕಡೆಗೆ ಎಂದೂ ಸೇರಿಸಬೇಡಿ. ಸೈನ್‌ವೇವ್ (ಲೈನಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವ) ಯುಪಿಎಸ್ ಆದರೆ ಸೋಲಾರ್ ಇನ್ವರ್ಟರ್ ಅದನ್ನೇ ಲೈನ್ ಎಂದುಕೊಂಡು ಕರೆಂಟ್ ತಳ್ಳಬಹುದು, ಯುಪಿಎಸ್ ಸುಡಬಹುದು. ಸೋಲಾರ್ ತನ್ನದೇ ಎಂಸಿಬಿ ಮೂಲಕ ಮೇನ್ ಬೋರ್ಡಿಗೆ ಬರಲಿ; ಯುಪಿಎಸ್ ಅದೇ ಬೋರ್ಡಿನಿಂದ ಇನ್‌ಪುಟ್ ಪಡೆದು ತನ್ನ ಲೈಟು, ಫ್ಯಾನ್‌ಗಳನ್ನಷ್ಟೇ ನಡೆಸಲಿ. ಕರೆಂಟ್ ಹೋದಾಗಲೂ ಬಿಸಿಲಿನ ವಿದ್ಯುತ್ ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕಾಗುತ್ತದೆ.

ಪ್ರಶ್ನೆ: ಪ್ಯಾನೆಲ್ ಪ್ಲಗ್‌ಗಳನ್ನು ನಾವೇ ಬಿಚ್ಚಬಹುದೆ?
– ಓದುಗರು, ಗದಗ

ಉತ್ತರ: ಓಡುತ್ತಿರುವಾಗ ಖಂಡಿತ ಬೇಡ. 540 ವಾಟ್‌ನ 6 ಪ್ಯಾನೆಲ್ ಸಾಲಾಗಿದ್ದರೆ ಸುಮಾರು 300 ವೋಲ್ಟ್ ಡಿಸಿ. ಎಸಿಯಂತೆ ಡಿಸಿ ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿಯದ್ದರಿಂದ ಎದ್ದ ಕಿಡಿ ಆರದೆ ಉರಿಯುತ್ತದೆ. ಮೊದಲು ಎಸಿ ಎಂಸಿಬಿ, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆಫ್ ಮಾಡಿ, ಕೊನೆಗೆ ಎಂಸಿ4 (ಪ್ಯಾನೆಲ್ ವೈರಿನ) ಪ್ಲಗ್ ಬಿಚ್ಚಿ. ಮತ್ತೆ ಜೋಡಿಸುವಾಗ ಗಂಡು-ಹೆಣ್ಣು ಎರಡೂ ಒಂದೇ ಕಂಪನಿಯವಾಗಿರಲಿ. ಬೇರೆ ಬೇರೆಯವು ‘ಟಕ್’ ಎಂದು ಕೂತರೂ ಒಳಗೆ ಸಡಿಲವಿದ್ದು ಕಾದು ಕರಗುತ್ತವೆ.